ದೇಹದ ಮಾತಿಗೂ ಕಿವಿಗೊಡಿ

ಸ್ಕೂಟರಿನ ಎಂಜಿನ್ನಿನಲ್ಲಿ ಸಣ್ಣದೊಂದು ಅಪಸ್ವರ ಕೇಳಿಸಿದರೆ ಸಾಕು, ಮನೆಯ ಯಜಮಾನರು ಅದೇ ಸಂಜೆ ಮೆಕ್ಯಾನಿಕ್ ಬಳಿ ಹೋಗುತ್ತಾರೆ. ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೆ ಗೃಹಿಣಿ ತಕ್ಷಣ ಸ್ವಿಚ್ ಆರಿಸುತ್ತಾರೆ. ಮೊಬೈಲ್ ಫೋನ್ ಒಮ್ಮೆ ಕಿಣಿ ಎಂದರಂತೂ ಊಟದ ನಡುವೆ ಎಂಜಲು ಕೈಯಲ್ಲೇ ಎತ್ತಿಕೊಳ್ಳುತ್ತೇವೆ. ಇಷ್ಟೆಲ್ಲ ಯಂತ್ರಗಳ ಮಾತು ಕೇಳುವ ನಾವು, ಹುಟ್ಟಿದಂದಿನಿಂದ ಜೊತೆಗಿರುವ ದೇಹ ಕರೆದಾಗ ಮಾತ್ರ 'ಆಮೇಲೆ ನೋಡೋಣ' ಎನ್ನುತ್ತೇವೆ.

ಯಾವುದೇ ಸಾಮಾನ್ಯ ಮನೆಯ ಬೆಳಗಿನ ಹೊತ್ತನ್ನು ಗಮನಿಸಿ. ಏಳೂವರೆಗೆ ಶಾಲಾ ಬಸ್ಸು. ಮಗಳಿಗೆ ಶೌಚಕ್ಕೆ ಹೋಗಬೇಕೆನಿಸಿದೆ, ಆದರೆ ಬಸ್ಸು ತಪ್ಪಿಹೋಗುತ್ತದೆಂದು ತಡೆದುಕೊಂಡು ಓಡುತ್ತಾಳೆ. ಶಾಲೆಯ ಶೌಚಾಲಯ ಗಲೀಜು, ಹಾಗಾಗಿ ಸಂಜೆಯವರೆಗೆ ನೀರನ್ನೂ ಕುಡಿಯುವುದಿಲ್ಲ. ಯಜಮಾನರಿಗೆ ರಾತ್ರಿ ಸರಿಯಾಗಿ ನಿದ್ದೆಯಾಗಿಲ್ಲ, ಎರಡು ಲೋಟ ಕಾಫಿಯ ಬಲದ ಮೇಲೆ ಕಚೇರಿಗೆ ಹೊರಡುತ್ತಾರೆ. ಎಲ್ಲರಿಗೂ ಡಬ್ಬಿ ಕಟ್ಟಿದ ತಾಯಿಗೆ ಎಂಟು ಗಂಟೆಗೇ ಹಸಿವಾಗಿತ್ತು, ತಿಂಡಿ ತಿಂದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಹಸಿವು ಸತ್ತು ತಲೆನೋವು ಶುರುವಾಗಿತ್ತು. ಅಜ್ಜನಿಗೆ ಮೆಟ್ಟಿಲು ಹತ್ತುವಾಗ ಹತ್ತು ದಿನಗಳಿಂದ ಎದೆ ಹಿಡಿದಂತಾಗುತ್ತಿದೆ. 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿದು ಸುಮ್ಮನಿದ್ದಾರೆ. ಮನೆಯವರಿಗೆ ತೊಂದರೆ ಕೊಡುವುದೇಕೆ ಎಂಬ ಸಂಕೋಚ.

ಈ ನಾಲ್ವರಲ್ಲಿ ಯಾರೂ ತಮ್ಮನ್ನು ರೋಗಿಗಳೆಂದು ಭಾವಿಸಿಲ್ಲ. ಆದರೆ ನಾಲ್ವರ ದೇಹವೂ ಒಂದೊಂದು ಮಾತು ಹೇಳಿದೆ, ನಾಲ್ವರೂ ಅದನ್ನು ಬದಿಗೊತ್ತಿದ್ದಾರೆ. ಮುಂದೆ ಮಲಬದ್ಧತೆ, ಮೂತ್ರದ ಸೋಂಕು, ಹೊಟ್ಟೆ ಉರಿ, ಹೃದಯಾಘಾತ ಎಂದು ವೈದ್ಯರ ಮುಂದೆ ಬಂದು ಕುಳಿತಾಗ ಎಲ್ಲರೂ ಹೇಳುವುದು ಒಂದೇ ಮಾತು: 'ಇದ್ದಕ್ಕಿದ್ದಂತೆ ಹೀಗಾಯಿತು ಡಾಕ್ಟ್ರೇ!' ನಿಜಕ್ಕೂ ಇದ್ದಕ್ಕಿದ್ದಂತೆ ಆಗುವ ಕಾಯಿಲೆಗಳು ಕಡಿಮೆ. ದೇಹ ಮೊದಲು ಪಿಸುಗುಟ್ಟುತ್ತದೆ, ನಂತರ ಮಾತಾಡುತ್ತದೆ, ಕೊನೆಗೆ ಕಿರುಚುತ್ತದೆ.

ತಡೆಯಬಾರದ ಹದಿಮೂರು

ಈ ವಿಷಯವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಗುರುತಿಸಿದ್ದರು. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಇದಕ್ಕೇ ಮೀಸಲು. ಸಹಜವಾಗಿ ಹುಟ್ಟುವ ದೇಹದ ಒತ್ತಡಗಳನ್ನು ಅಲ್ಲಿ 'ವೇಗ'ಗಳು ಎಂದು ಕರೆಯಲಾಗಿದೆ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ ಮತ್ತು ಶ್ರಮದಿಂದ ಬರುವ ಏದುಸಿರು. ಈ ಹದಿಮೂರನ್ನು ತಡೆಯಬಾರದು ಎಂಬುದು ಚರಕನ ಸಲಹೆ.

ಕುತೂಹಲದ ಸಂಗತಿ ಎಂದರೆ ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳ ಇನ್ನೊಂದು ಪಟ್ಟಿಯೂ ಇದೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ, ಪರರ ವಸ್ತುವಿನ ಮೇಲಿನ ಆಸೆ ಮುಂತಾದವು. ಅಂದರೆ ದೇಹದ ಸಹಜ ಕರೆಗೆ ಓಗೊಡಬೇಕು, ಮನಸ್ಸಿನ ಮಿತಿಮೀರಿದ ಬಯಕೆಗೆ ಕಡಿವಾಣ ಹಾಕಬೇಕು. ಇಂದು ನಾವು ಮಾಡುತ್ತಿರುವುದು ಇದಕ್ಕೆ ನೇರ ವಿರುದ್ಧ. ಮೂತ್ರ ತಡೆಯುತ್ತೇವೆ, ನಿದ್ದೆ ತಡೆಯುತ್ತೇವೆ. ಆದರೆ ಪಕ್ಕದ ಮನೆಯವರ ಹೊಸ ಕಾರು ನೋಡಿ ಹುಟ್ಟುವ ಆಸೆಯನ್ನು ತಡೆಯುವುದಿಲ್ಲ. ಆ ಕಾರಿನ ಕಂತು ಕಟ್ಟಲು ಮತ್ತಷ್ಟು ನಿದ್ದೆ ಕೆಡುತ್ತೇವೆ.

ವೇಗಗಳನ್ನು ತಡೆದರೆ ಬರುತ್ತವೆಂದು ಪ್ರಾಚೀನರು ಹೇಳಿದ ಎಲ್ಲ ತೊಂದರೆಗಳನ್ನೂ ಆಧುನಿಕ ವೈದ್ಯವಿಜ್ಞಾನ ಹಾಗೆ ಹಾಗೆಯೇ ಒಪ್ಪುವುದಿಲ್ಲ. ಆದರೆ ಮೂಲ ತತ್ವದಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1932ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ದೇಹ ತನ್ನ ಉಷ್ಣತೆ, ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ಒಂದು ಹದದಲ್ಲಿ ಇಟ್ಟುಕೊಳ್ಳಲು ಹೇಗೆ ಸದಾ ಶ್ರಮಿಸುತ್ತದೆ ಎಂಬುದನ್ನು ವಿವರಿಸಿದರು. ಹಸಿವು, ಬಾಯಾರಿಕೆ, ಬೆವರು, ನಡುಕ ಇವೆಲ್ಲ ಆ ಹದ ಕಾಯುವ ಕಾವಲುಗಾರರು. ಸೀನಿನಂಥ ಸಣ್ಣ ವಿಷಯವನ್ನೂ ಹಗುರವಾಗಿ ಕಾಣಬಾರದು. ಮೂಗು, ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ ಸೀನು ತಡೆದ ವ್ಯಕ್ತಿಯೊಬ್ಬನ ಗಂಟಲಿನ ಒಳಭಾಗ ಹರಿದ ಪ್ರಕರಣ 2018ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಇದು ಅಪರೂಪದ ಘಟನೆ. ಆದರೂ ಸೀನು ಬಂದಾಗ ಕರವಸ್ತ್ರ ಅಡ್ಡ ಹಿಡಿದು ಸೀನಿಬಿಡುವುದೇ ಲೇಸು.

ನೀರು ಮತ್ತು ಮೂತ್ರ

ರಕ್ತದ ಸಾಂದ್ರತೆ ಶೇಕಡಾ ಒಂದೆರಡರಷ್ಟು ಹೆಚ್ಚಿದರೂ ಸಾಕು, ಮಿದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಅದು ತಿಳಿದುಬಿಡುತ್ತದೆ. ತಕ್ಷಣ ಎರಡು ಆಜ್ಞೆಗಳು ಹೊರಡುತ್ತವೆ. ಒಂದು, ನೀರು ಕುಡಿ. ಇನ್ನೊಂದು, ಮೂತ್ರಪಿಂಡಗಳೇ, ನೀರನ್ನು ಉಳಿಸಿಕೊಳ್ಳಿ. ಬಾಯಾರಿಕೆಯನ್ನು ಅಲಕ್ಷಿಸಿದರೆ ಮೂತ್ರ ಗಾಢ ಹಳದಿಯಾಗುತ್ತದೆ. ದಿನಗಟ್ಟಲೆ ಹೀಗೇ ಮುಂದುವರಿದರೆ ಮೂತ್ರದಲ್ಲಿನ ಲವಣಗಳು ಹರಳುಗಟ್ಟಿ ಕಲ್ಲಾಗುವ ಸಂಭವ ಹೆಚ್ಚು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು.

ದಿನಕ್ಕೆ ಇಷ್ಟೇ ಲೋಟ ನೀರು ಎಂದು ಲೆಕ್ಕ ಹಾಕುವ ಅಗತ್ಯ ಆರೋಗ್ಯವಂತರಿಗೆ ಇಲ್ಲ. ಬಾಯಾರಿದಾಗ ಕುಡಿಯಿರಿ, ಮೂತ್ರ ತಿಳಿಹಳದಿ ಇದೆಯೇ ಗಮನಿಸಿ. ಇಷ್ಟು ಸಾಕು. ಆದರೆ ಎರಡು ವಿನಾಯಿತಿಗಳಿವೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಆದ್ದರಿಂದ ಮನೆಯ ಹಿರಿಯರಿಗೆ ಅವರು ಕೇಳದಿದ್ದರೂ ಆಗಾಗ ನೀರು, ಮಜ್ಜಿಗೆ ಕೊಡಬೇಕು. ಹೃದಯ ದೌರ್ಬಲ್ಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಮೂತ್ರಕೋಶದಲ್ಲಿ ಸುಮಾರು 150ರಿಂದ 200 ಮಿಲಿಲೀಟರ್ ತುಂಬಿದಾಗ ಮೊದಲ ಸೂಚನೆ ಬರುತ್ತದೆ. 400ರಿಂದ 500 ಮಿಲಿಲೀಟರಿಗೆ ಅದು ಬಲವಾದ ಒತ್ತಡವಾಗುತ್ತದೆ. ಒಮ್ಮೊಮ್ಮೆ ತಡೆದುಕೊಂಡರೆ ಅನಾಹುತವೇನಿಲ್ಲ. ಅದೇ ರೂಢಿಯಾದರೆ ನಿಂತ ಮೂತ್ರದಲ್ಲಿ ರೋಗಾಣುಗಳು ಬೆಳೆಯಲು ಅವಕಾಶ ಸಿಗುತ್ತದೆ. ಮಹಿಳೆಯರಲ್ಲಿ ಮೂತ್ರನಾಳ ಕೇವಲ ನಾಲ್ಕು ಸೆಂಟಿಮೀಟರಿನಷ್ಟು ಉದ್ದ. ಹೀಗಾಗಿ ಸೋಂಕು ಮೇಲೇರುವುದು ಸುಲಭ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಶಾಲೆಯ ಹುಡುಗಿಯರು, ಬಸ್ ಕಂಡಕ್ಟರ್‌ಗಳು, ಸಂಚಾರಿ ಪೊಲೀಸರು, ಗಾರ್ಮೆಂಟ್ಸ್ ಕಾರ್ಖಾನೆಯ ಮಹಿಳೆಯರು, ಮಾರುಕಟ್ಟೆಯಲ್ಲಿ ಹೂ ಮಾರುವವರು ಮೂತ್ರ ತಡೆಯುವುದು ಅಜ್ಞಾನದಿಂದಲ್ಲ. ಹೋಗಲು ಜಾಗವಿಲ್ಲ, ಅಥವಾ ಬಿಡುವಿಲ್ಲ. ಅವರಿಗೆ 'ಹೆಚ್ಚು ನೀರು ಕುಡಿಯಿರಿ' ಎಂದು ಉಪದೇಶ ಮಾಡಿ ಏನು ಪ್ರಯೋಜನ? ಶುಚಿಯಾದ, ಬಾಗಿಲಿಗೆ ಚಿಲಕವಿರುವ, ನೀರು ಬರುವ ಶೌಚಾಲಯವೇ ಅವರಿಗೆ ಬೇಕಾದ ಔಷಧ. ಮುಂದಿನ ಸಲ ಮಗಳ ಶಾಲೆಯ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಶೌಚಾಲಯವನ್ನೂ ನೋಡಿ ಬನ್ನಿ.

ಬೆಳಗಿನ ಕರೆ

ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಗ್ಗೆ ಎದ್ದು ಏನಾದರೂ ಕುಡಿದ ಅಥವಾ ತಿಂಡಿ ತಿಂದ ನಂತರ ಮಲವಿಸರ್ಜನೆಯ ಒತ್ತಡ ಬರುವುದು ಇದೇ ಕಾರಣದಿಂದ. ಈ ಒತ್ತಡ ಕೆಲವೇ ನಿಮಿಷ ಇರುತ್ತದೆ. ಆಗ ಹೋಗದಿದ್ದರೆ ಕರುಳು ಸುಮ್ಮನಾಗುತ್ತದೆ. ಒಳಗುಳಿದ ಮಲದಿಂದ ನೀರು ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ. ಮರುದಿನ ಮುಕ್ಕಬೇಕಾಗುತ್ತದೆ. ಇದೇ ಅಭ್ಯಾಸವಾದರೆ ಮಲಬದ್ಧತೆ, ಮೂಲವ್ಯಾಧಿ, ಗುದದ್ವಾರದ ಬಿರುಕು ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ.

ಇದಕ್ಕೆ ಪರಿಹಾರ ಅಂಗಡಿಯ ಚೂರ್ಣವಲ್ಲ. ಮಕ್ಕಳನ್ನು ಇಪ್ಪತ್ತು ನಿಮಿಷ ಮೊದಲೇ ಎಬ್ಬಿಸಿದರೆ ಸಾಕು. ಅದಕ್ಕಾಗಿ ಹಿಂದಿನ ರಾತ್ರಿ ಬೇಗ ಮಲಗಿಸಬೇಕು. ಅದಕ್ಕಾಗಿ ಒಂಬತ್ತಕ್ಕೇ ಟಿ.ವಿ. ಆರಬೇಕು. ಒಂದು ಸಣ್ಣ ಆರೋಗ್ಯ ಸಮಸ್ಯೆಯ ಬೇರು ಮನೆಯ ದಿನಚರಿಯಲ್ಲಿ ಎಲ್ಲಿಯವರೆಗೆ ಹೋಗಿರುತ್ತದೆ ನೋಡಿ. ಜೊತೆಗೆ ಸೊಪ್ಪು, ತರಕಾರಿ, ಸಿಪ್ಪೆ ಸಹಿತ ಕಾಳು, ರಾಗಿ, ಬಾಳೆಹಣ್ಣು, ಸೀಬೆಹಣ್ಣು ಊಟದಲ್ಲಿರಲಿ.

ಹಸಿವೋ, ಬಾಯಿಚಪಲವೋ?

1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ದೇಹದ ಕೊಬ್ಬಿನ ಅಂಗಾಂಶ 'ನನ್ನಲ್ಲಿ ಸಾಕಷ್ಟು ದಾಸ್ತಾನು ಇದೆ' ಎಂದು ಮಿದುಳಿಗೆ ತಿಳಿಸುವುದು ಇದರ ಮೂಲಕ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಗ್ರೆಲಿನ್ ಎಂಬ ಇನ್ನೊಂದು ಹಾರ್ಮೋನನ್ನು ಕಂಡುಹಿಡಿದರು. ಇದು ಖಾಲಿ ಜಠರದಿಂದ ಹೊರಡುವ ಹಸಿವಿನ ಸಂದೇಶ. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು ಹದಿನೈದು, ಇಪ್ಪತ್ತು ನಿಮಿಷ ಬೇಕು. ಐದೇ ನಿಮಿಷದಲ್ಲಿ ಗಬಗಬನೆ ಊಟ ಮುಗಿಸುವವರಿಗೆ ಈ ಸುದ್ದಿ ತಲುಪುವುದು ತಟ್ಟೆ ಎರಡು ಸಲ ಖಾಲಿಯಾದ ಮೇಲೆ!

ನಿಜವಾದ ಹಸಿವಿಗೂ ಬಾಯಿಚಪಲಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಹಸಿವು ನಿಧಾನವಾಗಿ ಏರುತ್ತದೆ, ನಿನ್ನೆಯ ಸಾರು, ಮುದ್ದೆ ಕೊಟ್ಟರೂ ಸಂತೋಷದಿಂದ ಒಪ್ಪುತ್ತದೆ. ಬಾಯಿಚಪಲ ತಟ್ಟನೆ ಹುಟ್ಟುತ್ತದೆ, ಗೋಬಿ ಮಂಚೂರಿಯೇ ಬೇಕು, ಕುರುಕಲೇ ಬೇಕು ಎಂದು ಹಟ ಹಿಡಿಯುತ್ತದೆ. ಬೇಸರ, ಕೋಪ, ಒಂಟಿತನ ಇವೂ ಹಸಿವಿನ ವೇಷ ಹಾಕಿಕೊಂಡು ಬರುವುದುಂಟು. ತಿನ್ನುವ ಮೊದಲು ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕಾಯಿರಿ. ಹಸಿವಾದರೆ ಅದು ಹೋಗುವುದಿಲ್ಲ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೀಗೆ ಕಾಯಬಾರದು. ಇದ್ದಕ್ಕಿದ್ದಂತೆ ಹಸಿವು, ಬೆವರು, ನಡುಕ, ಎದೆಬಡಿತ, ಗಲಿಬಿಲಿ ಕಾಣಿಸಿದರೆ ರಕ್ತದ ಸಕ್ಕರೆ ಕುಸಿದಿರಬಹುದು. ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮಕ್ಕಳ ಬಗ್ಗೆಯೂ ಒಂದು ಮಾತು. ಪುಟ್ಟ ಮಗು ಹೊಟ್ಟೆ ತುಂಬಿದಾಗ ಮುಖ ತಿರುಗಿಸುತ್ತದೆ. ಅದು ಹಟವಲ್ಲ, ಅದರ ದೇಹದ ಸರಿಯಾದ ತೀರ್ಪು. ಆಗ ನಾವು ಮೊಬೈಲ್ ತೋರಿಸಿ, ಕಥೆ ಹೇಳಿ, 'ಅಜ್ಜಿಗೊಂದು ತುತ್ತು, ತಾತನಿಗೊಂದು ತುತ್ತು' ಎಂದು ತುರುಕುತ್ತೇವೆ. ದಿನಕ್ಕೆ ಮೂರು ಸಲ ಹೀಗೆ ಮಾಡಿದರೆ ತನ್ನ ಹೊಟ್ಟೆಯ ಮಾತನ್ನು ನಂಬಬಾರದೆಂದು ಮಗುವಿಗೆ ನಾವೇ ಕಲಿಸಿದಂತಾಗುತ್ತದೆ. ಮಗು ಚಟುವಟಿಕೆಯಿಂದಿದ್ದು ತೂಕ ಸರಿಯಾಗಿ ಏರುತ್ತಿದ್ದರೆ ಬಲವಂತ ಬೇಡ.

ನಿದ್ದೆಗೆ ಸಾಲ ಮಾಡಬೇಡಿ

ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗುತ್ತದೆ. ನಿದ್ದೆಯ ಒತ್ತಡ ಹುಟ್ಟುವುದು ಇದರಿಂದಲೇ. ಕಾಫಿಯಲ್ಲಿರುವ ಕೆಫೀನ್ ಈ ವಸ್ತುವಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆಯೇ ಹೊರತು ಆಯಾಸವನ್ನು ಪರಿಹರಿಸುವುದಿಲ್ಲ. ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ನೇತುಹಾಕಿದಂತೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ.

ದೇಹದ ಒಳಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಬೆಳಕು, ಕತ್ತಲೆಗೆ ಹೊಂದಿಕೊಂಡ ಈ ಗಡಿಯಾರ ಪ್ರಶಸ್ತಿ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ರೈತರಿಗೆ ಗೊತ್ತಿತ್ತು. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಅಲಾರಂ ಇಲ್ಲದೆ ಏಳಲಾಗದಿದ್ದರೆ, ಬಸ್ಸಿನಲ್ಲಿ ಕುಳಿತೊಡನೆ ತೂಕಡಿಕೆ ಬಂದರೆ, ನಿದ್ದೆಯ ಸಾಲ ಬಾಕಿ ಇದೆ ಎಂದೇ ಅರ್ಥ. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತಂತಾಗಿ, ಹಗಲಿನಲ್ಲಿ ತೂಕಡಿಸುವವರು ವೈದ್ಯರನ್ನು ಕಾಣಬೇಕು. ವಾಹನ ಓಡಿಸುವಾಗ ರೆಪ್ಪೆ ಭಾರವಾದರೆ ಕಿಟಕಿ ತೆರೆದು, ಹಾಡು ಹಾಕಿ ಮುಂದುವರಿಯಬೇಡಿ. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ.

ನೋವು ಶತ್ರುವಲ್ಲ

ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ನಮಗೆಲ್ಲ ಅನಿಸುವುದುಂಟು. ನೋವಿಲ್ಲದ ಬದುಕು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ಕಂಡವರು ಡಾ. ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಉದುರಿಹೋಗುತ್ತವೆ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ಬ್ರ್ಯಾಂಡ್ ಕಂಡುಕೊಂಡ ಸತ್ಯವೇ ಬೇರೆ. ರೋಗ ಹಾಳು ಮಾಡುವುದು ನರಗಳನ್ನು. ಸ್ಪರ್ಶ, ನೋವು ತಿಳಿಯದೆ ರೋಗಿ ಬಿಸಿ ಪಾತ್ರೆ ಹಿಡಿಯುತ್ತಾನೆ, ಚುಚ್ಚಿದ ಮೊಳೆಯ ಮೇಲೆ ನಡೆಯುತ್ತಾನೆ, ಗಾಯವಾದ ಕೈಯಲ್ಲೇ ಕೆಲಸ ಮಾಡುತ್ತಾನೆ. ಗಾಯದ ಮೇಲೆ ಗಾಯವಾಗಿ ಬೆರಳು ಹೋಗುತ್ತದೆ. ನೋವೆಂಬ ಕಾವಲುಗಾರ ಇಲ್ಲದ್ದೇ ಅಲ್ಲಿನ ಅನರ್ಥಕ್ಕೆ ಕಾರಣ.

ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲೂ ಪಾದಗಳು ಹೀಗೆಯೇ ಮರಗಟ್ಟುತ್ತವೆ. ಅಂಥವರು ಪ್ರತಿ ರಾತ್ರಿ ಮಲಗುವ ಮುನ್ನ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಬೇಕು. ಬರಿಗಾಲಿನಲ್ಲಿ ನಡೆಯಬಾರದು. ಕಾಲಿಗೆ ನೋವು ಹೇಳುವ ಶಕ್ತಿ ಇಲ್ಲದಿರುವಾಗ ಕಣ್ಣು ಆ ಕೆಲಸ ಮಾಡಬೇಕು.

ಉಳಿದವರು ನೋವು ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಯಾವ ಮಾತ್ರೆ?' ಎಂದಲ್ಲ, 'ಏಕೆ?' ಎಂದು. ದಿನವಿಡೀ ಕತ್ತು ಬಗ್ಗಿಸಿ ಕೂತದ್ದಕ್ಕೆ ಕುತ್ತಿಗೆ ನೋವೇ? ಊಟ ಬಿಟ್ಟದ್ದಕ್ಕೆ ತಲೆನೋವೇ? ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ಔಷಧಗಳ ಅತಿ ಬಳಕೆಯಿಂದ ಜಠರದಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಗಳಿಗೆ ಹಾನಿ ಆಗಬಹುದು ಎಂಬುದನ್ನು ಮರೆಯಬಾರದು.

ಈ ಸಂಕೇತಗಳನ್ನು ಅಲಕ್ಷಿಸಬೇಡಿ

ಕೆಲವು ಸಂಕೇತಗಳಿಗೆ ಮನೆಮದ್ದು, ಕಾಯುವಿಕೆ ಎರಡೂ ಸಲ್ಲ.

* ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು. ಅದು ಎಡತೋಳು, ದವಡೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು. ಮಹಿಳೆಯರಲ್ಲಿ, ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಉಸಿರಾಟದ ತೊಂದರೆ, ವಿಪರೀತ ಸುಸ್ತು, ಹೊಟ್ಟೆ ತೊಳಸುವಿಕೆ ಇರಬಹುದು. ನಡೆದಾಗ ಬಂದು ನಿಂತಾಗ ಹೋಗುವ ಎದೆನೋವು 'ಗ್ಯಾಸ್' ಅಲ್ಲ. ಹೃದ್ರೋಗವಲ್ಲ ಎಂದು ಇಸಿಜಿ ಮತ್ತು ವೈದ್ಯರು ಹೇಳಬೇಕು, ನಾವಲ್ಲ.

* ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು. ಇದು ಪಾರ್ಶ್ವವಾಯು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಎಣ್ಣೆ ತಿಕ್ಕುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

* ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ. ಕ್ಷಯಕ್ಕಾಗಿ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

* ಕಾರಣವಿಲ್ಲದೆ ತೂಕ ಇಳಿಯುವುದು. ಮಲ, ಮೂತ್ರ, ಕಫದಲ್ಲಿ ರಕ್ತ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ.

* ಸ್ತನದಲ್ಲಿ ಗಂಟು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ವಿಶೇಷವಾಗಿ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸವಿರುವವರಲ್ಲಿ.

* ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೆಳಗಿನ ಜಾವವೇ ಎಚ್ಚರವಾಗುವುದು, ಬದುಕು ಸಾಕೆನಿಸುವುದು. ಮನಸ್ಸಿನ ಕಾಯಿಲೆಯೂ ದೇಹದ ಕಾಯಿಲೆಯಷ್ಟೇ ನಿಜ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ದೇಹ ಮೌನವಾಗಿರುವಾಗ

ದೇಹದ ಮಾತು ಕೇಳಿದರೆ ಸಾಕು, ವೈದ್ಯರೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ವೈರಿಗಳು ಬಾಗಿಲು ತಟ್ಟದೆ ಒಳನುಗ್ಗುತ್ತಾರೆ. ರಕ್ತದೊತ್ತಡ ವರ್ಷಗಟ್ಟಲೆ ಏರಿದ್ದರೂ ಬಹುಪಾಲು ಜನರಿಗೆ ತಲೆಸುತ್ತೂ ಬರುವುದಿಲ್ಲ. ಮಧುಮೇಹ ಆರಂಭದಲ್ಲಿ ಮೌನಿ. 'ನನಗೆ ಆರಾಮಾಗಿದೆ' ಎಂದು ಬಿ.ಪಿ. ಮಾತ್ರೆ ನಿಲ್ಲಿಸುವವರು ಬಹಳ. ಆರಾಮಾಗಿರುವುದು ಮಾತ್ರೆಯಿಂದ ಎಂಬುದನ್ನು ಅವರು ಮರೆಯುತ್ತಾರೆ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಉತ್ತಮ.

ಇನ್ನೊಂದು ಅತಿರೇಕವೂ ಬೇಡ. ಪ್ರತಿ ತೇಗಿಗೂ, ಪ್ರತಿ ಎದೆಬಡಿತಕ್ಕೂ ಗಾಬರಿಯಾಗುವವರಿದ್ದಾರೆ. ಸಂಕೇತ ಹೊಸದೇ, ದಿನೇ ದಿನೇ ಹೆಚ್ಚುತ್ತಿದೆಯೇ, ನಿತ್ಯದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ? ಈ ಮೂರರಲ್ಲಿ ಒಂದಕ್ಕಾದರೂ 'ಹೌದು' ಎಂಬ ಉತ್ತರ ಬಂದರೆ ವೈದ್ಯರಿಗೆ ತೋರಿಸಿ. ಮೇಲಿನ ಪಟ್ಟಿಯಲ್ಲಿಲ್ಲದ ಸಣ್ಣಪುಟ್ಟ ತೊಂದರೆಗೆ ಉತ್ತರ 'ಇಲ್ಲ' ಎಂದಿದ್ದರೆ ಒಂದೆರಡು ದಿನ ನೋಡಬಹುದು.

ನಂದಿ ಬೆಟ್ಟದ ಪಾಠ

ಸರಳ ಜೀವನ ಎಂದೊಡನೆ ನಮಗೆ ನೆನಪಾಗುವುದು ಗಾಂಧೀಜಿ. ಆದರೆ ಅವರ ದೇಹವೂ ಒಮ್ಮೆ ಕಿರುಚಬೇಕಾಯಿತು. 1927ರಲ್ಲಿ ಖಾದಿ ಪ್ರಚಾರಕ್ಕಾಗಿ ಊರಿಂದೂರಿಗೆ, ಸಭೆಯಿಂದ ಸಭೆಗೆ ಬಿಡುವಿಲ್ಲದೆ ಓಡಾಡುತ್ತಿದ್ದ ಅವರು ಮಾರ್ಚ್ ತಿಂಗಳಿನಲ್ಲಿ ಕುಸಿದರು. ರಕ್ತದೊತ್ತಡ ಅಪಾಯಕರವಾಗಿ ಏರಿತ್ತು. ಆಗ ಅವರಿಗೆ 57 ವರ್ಷ. ಸಂಪೂರ್ಣ ವಿಶ್ರಾಂತಿ ಬೇಕೇ ಬೇಕು ಎಂದು ವೈದ್ಯರು ಪಟ್ಟು ಹಿಡಿದರು. ಏಪ್ರಿಲಿನಲ್ಲಿ ಅವರನ್ನು ನಂದಿ ಬೆಟ್ಟಕ್ಕೆ ಕರೆತರಲಾಯಿತು. ಅಲ್ಲಿನ ತಂಪು ಹವೆಯಲ್ಲಿ ಸುಮಾರು ಒಂದೂವರೆ ತಿಂಗಳು ಇದ್ದರು. ನಂತರ ಬೆಂಗಳೂರಿನಲ್ಲಿ ಚೇತರಿಸಿಕೊಂಡು ಮೈಸೂರು ಸಂಸ್ಥಾನದಲ್ಲಿ ಪ್ರವಾಸ ಮುಂದುವರಿಸಿದರು. 1936ರಲ್ಲಿ ಮತ್ತೆ ವಿಶ್ರಾಂತಿಗೆಂದು ಅದೇ ಬೆಟ್ಟಕ್ಕೆ ಬಂದರು. ಆಮೇಲೆ ಅವರು ಮಾಡಿದ ಕೆಲಸ ಎಲ್ಲರಿಗೂ ಗೊತ್ತು. ಆ ಒಂದೂವರೆ ತಿಂಗಳನ್ನು ವ್ಯರ್ಥ ಎನ್ನಲು ಸಾಧ್ಯವೇ?

ಇದರಲ್ಲಿ ನಮಗೊಂದು ಪಾಠವಿದೆ. ಸರಳತೆ ಎಂದರೆ ಬರೀ ಉಡುಪು, ಊಟದ ಸರಳತೆಯಲ್ಲ. ಒಪ್ಪಿಕೊಂಡ ಕೆಲಸಗಳ ಸಂಖ್ಯೆಯೂ ಸರಳವಾಗಿರಬೇಕು. ಮಿತಾಹಾರಿಯಾಗಿದ್ದ ಗಾಂಧೀಜಿಯ ದೇಹವೇ ಅತಿಯಾದ ದುಡಿಮೆಯನ್ನು ತಾಳಲಿಲ್ಲ ಎಂದ ಮೇಲೆ ನಮ್ಮ ಪಾಡೇನು? ಕಚೇರಿ, ಸಂಜೆ ಚೀಟಿ ವ್ಯವಹಾರ, ಭಾನುವಾರ ಮೂರು ಮದುವೆ, ಎರಡು ಗೃಹಪ್ರವೇಶ. ಇಷ್ಟು ಗದ್ದಲದ ನಡುವೆ ದೇಹದ ಪಿಸುಮಾತು ಕೇಳಿಸುವುದಾದರೂ ಹೇಗೆ? ಬದುಕನ್ನು ಸರಳಗೊಳಿಸುವುದೆಂದರೆ ಆ ಗದ್ದಲವನ್ನು ತಗ್ಗಿಸುವುದು. ಅದಕ್ಕೆ ಹಣ ಬೇಕಿಲ್ಲ. ಈಗಂತೂ ಹೆಜ್ಜೆ ಎಣಿಸಲು, ನಿದ್ದೆ ಅಳೆಯಲು ಸಾವಿರಾರು ರೂಪಾಯಿಯ ಕೈಗಡಿಯಾರಗಳು ಬಂದಿವೆ. ಇದ್ದವರು ಬಳಸಲಿ. ಆದರೆ ಸುಸ್ತಾಗಿದೆಯೇ ಎಂದು ತಿಳಿಯಲು ಗಡಿಯಾರ ಕೊಳ್ಳಲೇಬೇಕೆಂದಿಲ್ಲ.

ದಿನಗೂಲಿ ಮಾಡುವವರಿಗೆ ವಿಶ್ರಾಂತಿ ಸುಲಭದ ಮಾತಲ್ಲ, ನಿಜ. ಒಂದು ದಿನ ಮಲಗಿದರೆ ಒಲೆ ಹೊತ್ತುವುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವವರು ಜ್ವರ ಎಂದಾಗ ಸಂಬಳ ಹಿಡಿಯದೆ ರಜೆ ಕೊಡುವುದೂ ಆರೋಗ್ಯ ರಕ್ಷಣೆಯೇ.

ಇಷ್ಟು ಮಾಡಿ ನೋಡಿ

* ಬೆಳಗ್ಗೆ ಇಪ್ಪತ್ತು ನಿಮಿಷ ಮೊದಲು ಏಳಿ. ಶೌಚದ ಕರೆಯನ್ನು ಮುಂದೂಡಬೇಡಿ.

* ದಿನದ ಒಂದು ಊಟವನ್ನಾದರೂ ಟಿ.ವಿ., ಮೊಬೈಲ್ ಇಲ್ಲದೆ, ಮನೆಯವರೆಲ್ಲ ಒಟ್ಟಿಗೆ ಕೂತು, ನಿಧಾನವಾಗಿ ಮಾಡಿ. ಬಡಿಸುವ ತಾಯಿಯೂ ಆಗಲೇ ಕೂರಲಿ.

* ಇನ್ನೂ ಎರಡು ತುತ್ತು ಬೇಕು ಎನಿಸುವಾಗಲೇ ನಿಲ್ಲಿಸಿ. ಉಪ್ಪು ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು.

* ಕೂತು ಕೆಲಸ ಮಾಡುವವರು ಗಂಟೆಗೊಮ್ಮೆ ಎದ್ದು ಓಡಾಡಿ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಇರಲಿ.

* ಮಧ್ಯಾಹ್ನದ ನಂತರ ಕಾಫಿ ಬೇಡ. ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬೇರೆ ಕೋಣೆಯಲ್ಲಿರಲಿ.

* ರಾತ್ರಿ ಮಲಗುವ ಮುನ್ನ ಎರಡು ನಿಮಿಷ ಕಣ್ಣು ಮುಚ್ಚಿ ಕುಳಿತು, ದೇಹ ಇಂದು ಏನು ಹೇಳಿತು, ನಾನು ಕೇಳಿದೆನೇ ಎಂದು ಯೋಚಿಸಿ.

* ಹೊಸ ಸಾಲ, ಹೊಸ ಜವಾಬ್ದಾರಿ ಒಪ್ಪಿಕೊಳ್ಳುವ ಮೊದಲು ಅದು ನಿದ್ದೆ, ಊಟದ ಹೊತ್ತನ್ನು ಕಸಿಯುತ್ತದೆಯೇ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣಕ್ಕಷ್ಟೇ ಅಲ್ಲ, ಸಮಯಕ್ಕೂ ಅನ್ವಯಿಸುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಯಾವಾಗ ಉಣ್ಣಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ ಮಲಗಬೇಕು ಎಂಬುದನ್ನು ದೇಹವೇ ಹೇಳಿಕೊಡುತ್ತದೆ. ಅದು ಹೇಳದಿರುವುದನ್ನು ವರ್ಷಕ್ಕೊಮ್ಮೆ ವೈದ್ಯರಿಂದ ಕೇಳಿ ತಿಳಿಯಿರಿ. ಹಾಂ, ನಿಮ್ಮ ಮನೆಯಲ್ಲೂ ಮೆಟ್ಟಿಲ ಬಳಿ ನಿಂತು ಎದೆ ನೀವಿಕೊಂಡು 'ಗ್ಯಾಸ್ ಅಷ್ಟೇ' ಎನ್ನುವ ಅಜ್ಜನೋ ಅಜ್ಜಿಯೋ ಇದ್ದರೆ, ಈ ಪತ್ರಿಕೆಯನ್ನು ಮಡಚಿಟ್ಟು ಇಂದೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.